ಯುದ್ಧ ಅಲ್ಲಿ, ಕಟ್ಟಿಗೆ ಹೊರೆ ಇಲ್ಲಿ: ಕಾಡು ಉಳಿಸೋ ದೇಶಗಳ ಲೆಕ್ಕದಲ್ಲಿ ನಮ್ಮ ಚಿಂಚೋಳಿ ಇದೆಯಾ?

ಕುಂಚಾವರಂ ಮಾಸ್ತರ್

2025ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಬೆಲೆಂ ಊರಲ್ಲಿ ಹವಾಮಾನ ಸಮ್ಮೇಳನ ನಡೆಯಿತು. ಅಲ್ಲಿ ಉಷ್ಣವಲಯದ ಕಾಡುಗಳಿಗೆ ಅಂತಲೇ ಒಂದು ದೊಡ್ಡ ನಿಧಿ ಶುರುವಾಯಿತು. ಗುರಿ 12,500 ಕೋಟಿ ಡಾಲರ್. ನಾರ್ವೆ ಒಂದೇ 300 ಕೋಟಿ ಡಾಲರ್ ಹಾಕ್ತೀನಿ ಅಂದಿದೆ. ಕಾಡು ಉಳಿಸಿಕೊಂಡ ದೇಶಕ್ಕೆ ವರ್ಷಕ್ಕೆ ಹೆಕ್ಟೇರಿಗೆ ಸುಮಾರು 4 ಡಾಲರ್ ಸಿಗುತ್ತದೆ. ಉಪಗ್ರಹದಿಂದ ನೋಡ್ತಾರೆ. ಕಾಡು ನಿಂತಿದ್ದರೆ ದುಡ್ಡು, ಕಡಿದಿದ್ದರೆ ಕಡಿತ.

ಸುಮ್ನೆ ಒಂದು ಲೆಕ್ಕ ಹಾಕಿದೆ. ಕಲಬುರಗಿ ಜಿಲ್ಲೆಯ ನಮ್ಮ ಚಿಂಚೋಳಿ ವನ್ಯಜೀವಿ ಧಾಮ 134.88 ಚದರ ಕಿಲೋಮೀಟರ್. ಹೆಚ್ಚುಕಡಿಮೆ 13,500 ಹೆಕ್ಟೇರ್. ನಾಲ್ಕು ಡಾಲರ್ ಪ್ರಕಾರ 54,000 ಡಾಲರ್ ಆಯಿತು. ನಮ್ಮ ದುಡ್ಡಲ್ಲಿ ವರ್ಷಕ್ಕೆ 45 ಲಕ್ಷ ರೂಪಾಯಿಗಿಂತ ಜಾಸ್ತಿ. ಬೇಸಿಗೆಯಲ್ಲಿ ಬೆಂಕಿ ಕಾಯೋ ವಾಚರ್‌ಗಳ ಕೂಲಿಗೆ ಇದೇನು ಸಣ್ಣ ಮೊತ್ತ ಅಲ್ಲ.

ಆದರೆ ಒಂದು ಪೈಸೆಯೂ ಬರೋದಿಲ್ಲ. ಭಾರತ ಆ ನಿಧಿಗೆ ವೀಕ್ಷಕನಾಗಿ ಮಾತ್ರ ಸೇರಿದೆ, ಅದು ಒಂದು ಕಾರಣ. ಇನ್ನೊಂದು ಇದಕ್ಕಿಂತ ದೊಡ್ಡದು. ನಿಧಿಯ ನಿಯಮದಲ್ಲಿ ಬರೋದು ತೇವ ಇರುವ, ಅಗಲ ಎಲೆಯ ಕಾಡು. ಅಮೆಜಾನ್, ಕಾಂಗೋ, ಇಂಡೋನೇಷ್ಯಾ, ಆ ತರಹದ್ದು. ನಮ್ಮದು ಎಲೆ ಉದುರುವ ಒಣ ಕಾಡು. ತೇಗ, ದಿಂಡಿಗ, ಮುತ್ತುಗ. ಮಾರ್ಚ್‌ನಲ್ಲಿ ಮೇಲಿಂದ ಫೋಟೋ ತೆಗೆದರೆ ಬೋಳು ಗುಡ್ಡ, ಅಲ್ಲಲ್ಲಿ ಮುತ್ತುಗದ ಹೂವಿನ ಕೆಂಪು. ದಕ್ಷಿಣ ಭಾರತದ ಮೊದಲ ಒಣಸೀಮೆ ವನ್ಯಧಾಮ ಅಂತ 2011ರಲ್ಲಿ ನಾವೆಲ್ಲ ಎಷ್ಟು ಹಿಗ್ಗಿದ್ದೆವು!

ಒಣಸೀಮೆ ಕಾಡನ್ನು ಹೀಗೆ ಬಿಟ್ಟುಬಿಡೋದು ಯಾಕೆ ತಪ್ಪು ಅಂತ ಹೇಳ್ತೀನಿ. ಇಂಥ ಕಡೆ ಯುದ್ಧದ ಬಿಸಿ ಕಾಡಿಗೆ ಮುಟ್ಟೋದು ಒಲೆಯ ಮೂಲಕ.

1994ರಲ್ಲಿ ರುವಾಂಡಾದ ನರಮೇಧ ಆದ ಮೇಲೆ ಲಕ್ಷಾಂತರ ಜನ ಕಾಂಗೋದ ಗೋಮಾ ಪಟ್ಟಣದ ಸುತ್ತ ಬಂದು ಗುಡಾರ ಹಾಕಿದರು. ಪಕ್ಕದಲ್ಲೇ ವಿರುಂಗಾ ರಾಷ್ಟ್ರೀಯ ಉದ್ಯಾನ. 1925ರಲ್ಲಿ ಆಗಿದ್ದು, ಆಫ್ರಿಕಾದಲ್ಲೇ ಎಲ್ಲಕ್ಕಿಂತ ಹಳೆಯದು. ಅಷ್ಟು ಜನ ಅಡುಗೆ ಮಾಡಬೇಕಲ್ಲ? ದಿನಕ್ಕೆ ನೂರಾರು ಟನ್ ಕಟ್ಟಿಗೆ ಆ ಕಾಡಿನಿಂದ ಹೋಯಿತು. ಅದೇ ವರ್ಷ ಯುನೆಸ್ಕೋ ವಿರುಂಗಾವನ್ನು ಅಪಾಯದಲ್ಲಿರೋ ವಿಶ್ವ ಪರಂಪರೆ ತಾಣಗಳ ಪಟ್ಟಿಗೆ ಸೇರಿಸಿತು. ಆಮೇಲೆ ಆ ಪಟ್ಟಿಯಿಂದ ಹೊರಗೆ ಬಂದೇ ಇಲ್ಲ.

ಇಥಿಯೋಪಿಯಾದ ಟಿಗ್ರೆ ಸೀಮೆ ಇನ್ನೂ ನಮ್ಮ ಹತ್ತಿರದ್ದು. ಕಲ್ಲುಗುಡ್ಡ, ಒಂದೇ ಮಳೆಗಾಲ, ದನ, ಆಡು. ಅಲ್ಲಿನ ಊರವರು ಗುಡ್ಡಕ್ಕೆ ದನ ಬಿಡೋದು ನಿಲ್ಲಿಸಿ, ಕಲ್ಲಿನ ಒಡ್ಡು ಕಟ್ಟಿ, ವರ್ಷಗಟ್ಟಲೆ ಕಾದು ಹಸಿರು ಬರಿಸಿದ್ದರು. 2017ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. 2020ರ ನವೆಂಬರ್‌ನಲ್ಲಿ ಯುದ್ಧ ಶುರುವಾಯಿತು. ಕರೆಂಟ್ ಹೋಯಿತು, ಇಂಧನ ಬರೋದು ನಿಂತಿತು. ಎರಡು ವರ್ಷ ಅದೇ ಗತಿ. ತಾವೇ ಕಾದು ಬೆಳೆಸಿದ ಮರವನ್ನು ಜನ ತಾವೇ ಕಡಿದು ಒಲೆಗೆ ಹಾಕಿದರು. ಅವರನ್ನು ಬೈಯೋಕೆ ಬಾಯಿ ಬರುತ್ತಾ?

ಈಗ ನಮ್ಮೂರು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರು. ಮೇ ತಿಂಗಳಿಗೆ ಸಿಲಿಂಡರ್ ಸಾವಿರ ರೂಪಾಯಿ ದಾಟಿತು. ನಾವು ಉರಿಸೋ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದ್ದು. ಆ ವರ್ಷ ನಮ್ಮ ಶಾಲೆ ದಾರಿಯಲ್ಲಿ ತಲೆ ಮೇಲೆ ಹೊರೆ ಹೊತ್ತ ಹೆಂಗಸರು ಮತ್ತೆ ಕಾಣಿಸಿಕೊಂಡರು. ಉಜ್ವಲಾ ಸಿಲಿಂಡರ್ ಅಡುಗೆಮನೆ ಮೂಲೆಯಲ್ಲಿ ಹಳೆ ಸೀರೆ ಹೊದ್ದು ಕೂತಿತ್ತು. ನೆಂಟರು ಬಂದರೆ ಚಹಾಕ್ಕೆ ಮಾತ್ರ.

ನನ್ನ ಪ್ರಶ್ನೆ ಇಷ್ಟೇ. ಕಾಡು ಉಳಿಸೋಕೆ ದೇಶಗಳು ಕೂಡಿಸೋ ದುಡ್ಡಿನಲ್ಲಿ ಒಲೆಗೆ ಅಂತ ಒಂದು ಪಾಲು ಯಾಕಿಲ್ಲ?

ಸೂಪರ್ ಮಾರ್ಕೆಟ್ ಹುಡುಗ, ಕಲಬುರಗಿ

ಮಾಸ್ತರ್ರೇ, ಏಪ್ರಿಲ್‌ನಲ್ಲಿ 44 ಡಿಗ್ರಿ ಆದಾಗ ನಮ್ಮ ರಸ್ತೆಯ ಬೇವಿನಮರ ಕಡಿದರು, ಅದಕ್ಕೆ ಯಾವ ದೇಶ ಬಂದು ಕೇಳಿತು? ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಮೂರು ಜಿಲ್ಲೆ ಸೇರಿಸಿದರೂ ಕಾಡು ಅನ್ನೋದು ಬೆರಳೆಣಿಕೆಯಷ್ಟು. ಅದನ್ನು ಬಿಟ್ಟು ಕಾಂಗೋ ಚಿಂತೆ ಯಾಕೆ?

ಇನ್ನು ಒಪ್ಪಂದ ಅಂದರೆ ನನಗೆ ನಗು ಬರುತ್ತದೆ. 2021ರಲ್ಲಿ ಗ್ಲಾಸ್ಗೋದಲ್ಲಿ 140ಕ್ಕೂ ಹೆಚ್ಚು ದೇಶಗಳು "2030ರೊಳಗೆ ಕಾಡು ನಾಶ ನಿಲ್ಲಿಸ್ತೀವಿ" ಅಂತ ಸಹಿ ಹಾಕಿದವು. ನಮ್ಮ ದೇಶ ಹಾಕಲಿಲ್ಲ. ಸಹಿ ಹಾಕಿದವರೇನು ಮಾಡಿದರು? 2024ರಲ್ಲಿ ಉಷ್ಣವಲಯದ ಹಳೆಯ ಕಾಡು 67 ಲಕ್ಷ ಹೆಕ್ಟೇರ್ ಹೋಯಿತು. ಹಿಂದಿನ ವರ್ಷಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು. ಬೆಂಕಿಯೇ ಮುಖ್ಯ ಕಾರಣ. ಸಹಿ ಹಾಕೋಕೆ ಪೆನ್ ಇದ್ದರೆ ಸಾಕು.

ಗಾಣದೆಣ್ಣೆ ಅಂಗಡಿ, ಆಳಂದ

ತಮ್ಮಾ, ಬೇವಿನಮರದ ಸಿಟ್ಟು ಸರಿಯಾಗಿಯೇ ಇದೆ. ಆದರೆ "ಕಾಂಗೋ ಚಿಂತೆ ಯಾಕೆ" ಅಂದೆಯಲ್ಲ, ನಿನ್ನ ಮನೆ ಒಗ್ಗರಣೆ ಎಣ್ಣೆ ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡು.

ನಮ್ಮ ಸೀಮೆಯಲ್ಲಿ ಮೊದಲು ಕುಸುಬೆ ಎಣ್ಣೆ, ಸೇಂಗಾ ಎಣ್ಣೆ. ಜೋಳದ ಜೊತೆ ಸಾಲು ಹಿಡಿದು ಕುಸುಬೆ ಹಾಕ್ತಿದ್ದರು. ಮುಳ್ಳಿನ ಬೆಳೆ, ದನ ಮುಟ್ಟೋದಿಲ್ಲ, ಹೊಲಕ್ಕೆ ಬೇಲಿಯೂ ಅದೇ. ಆಮೇಲೆ ಸೂರ್ಯಕಾಂತಿ ಪ್ಯಾಕೆಟ್ ಬಂತು. ಆ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನಿಂದ ಬರ್ತಿತ್ತು ಅಂತ ನಮ್ಮ ಗಿರಾಕಿಗಳಿಗೆ ಗೊತ್ತಾಗಿದ್ದೇ ಯುದ್ಧ ಶುರುವಾದ ಮೇಲೆ.

ಕಪ್ಪು ಸಮುದ್ರದ ಬಂದರು ಬಂದ್ ಆದವು. ಎಲ್ಲರೂ ಪಾಮ್ ಎಣ್ಣೆ ಕಡೆ ಓಡಿದರು. ಅದರ ರೇಟೂ ಏರಿತು. 2022ರ ಏಪ್ರಿಲ್ 28ಕ್ಕೆ ಇಂಡೋನೇಷ್ಯಾ ಪಾಮ್ ಎಣ್ಣೆ ರಫ್ತು ನಿಲ್ಲಿಸಿಬಿಟ್ಟಿತು. ಅವರ ಜನಕ್ಕೇ ಎಣ್ಣೆ ಸಿಗದ ಹಾಗಾಗಿತ್ತು. ಮೇ 23ಕ್ಕೆ ಮತ್ತೆ ಬಿಟ್ಟರು. ಆ ದಿನಗಳಲ್ಲಿ ನನ್ನ ಅಂಗಡಿಗೆ ಬೆಳಗ್ಗೆ ಒಂದು ರೇಟು, ಸಂಜೆ ಒಂದು ರೇಟು. ಗಿರಾಕಿ ಜೊತೆ ದಿನಾ ಜಗಳ.

ಪಾಮ್ ತೋಟ ಎಬ್ಬಿಸೋಕೆ ಬೋರ್ನಿಯೋ, ಸುಮಾತ್ರದ ಕಾಡು ಕಡಿದದ್ದು ಎಲ್ಲರಿಗೂ ಗೊತ್ತು. ಪ್ರಪಂಚದಲ್ಲಿ ಅಡುಗೆ ಎಣ್ಣೆಯನ್ನು ಎಲ್ಲರಿಗಿಂತ ಜಾಸ್ತಿ ಹೊರಗಿನಿಂದ ತರಿಸೋದು ನಮ್ಮ ದೇಶ. ಹಾಗಾಗಿ ಇಲ್ಲಿ ಭಜಿ ಕರಿಯೋ ಬಾಣಲೆಗೂ ಅಲ್ಲಿನ ಕಾಡಿಗೂ ಲೆಕ್ಕ ಇದೆ. ಯುರೋಪಿನವರು 2023ರಲ್ಲಿ ಒಂದು ಕಾನೂನು ಮಾಡಿದ್ದಾರೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಪಾಮ್, ಸೋಯಾ, ಕಾಫಿ, ಕೋಕೋ, ರಬ್ಬರ್ ಅವರ ಮಾರುಕಟ್ಟೆಗೆ ಬರೋ ಹಾಗಿಲ್ಲ. ಜಾರಿ ದಿನ ಮಾತ್ರ ಮುಂದೆ ಮುಂದೆ ಹಾಕ್ತಾನೇ ಇದ್ದಾರೆ. ನಾವು ಅಂಥದ್ದೊಂದು ಪ್ರಶ್ನೆಯನ್ನೂ ಕೇಳಿಲ್ಲ. ರೇಟು ಕಡಿಮೆ ಇದ್ದರೆ ಆಯಿತು.

ಬೀದರ್ ವಕೀಲ

ಎಣ್ಣೆ ಸಾಹುಕಾರ್ರು ಹೇಳಿದ್ದು ಒಪ್ಪಿದೆ. ಕಾನೂನಿನ ಕಡೆಯಿಂದ ಸ್ವಲ್ಪ ಉದ್ದಕ್ಕೆ ಬರೀತೀನಿ, ಬೇಜಾರಾಗಬೇಡಿ.

ಯುದ್ಧದಲ್ಲಿ ಕಾಡನ್ನೇ ಗುರಿಯಾಗಿಸಿದ ದೊಡ್ಡ ಉದಾಹರಣೆ ವಿಯೆಟ್ನಾಂ. 1961ರಿಂದ 1971ರವರೆಗೆ ಅಮೆರಿಕದ ವಿಮಾನಗಳು 7 ಕೋಟಿ ಲೀಟರ್‌ಗಿಂತ ಹೆಚ್ಚು ಕಳೆನಾಶಕ ಸುರಿದವು. ಗೆರಿಲ್ಲಾ ಹೋರಾಟಗಾರರಿಗೆ ಮರೆ ಸಿಗಬಾರದು ಅಂತ ಮರದ ಎಲೆ ಉದುರಿಸೋದು ಉದ್ದೇಶ. ಆ ಗಲಾಟೆಯಿಂದಲೇ ಎರಡು ಕಾನೂನು ಹುಟ್ಟಿದವು. ಒಂದು, ಪರಿಸರವನ್ನು ಬದಲಿಸಿ ಅದನ್ನೇ ಆಯುಧ ಮಾಡಿಕೊಳ್ಳಬಾರದು ಅನ್ನೋ 1976ರ ಒಪ್ಪಂದ. ಭಾರತ ಇದರಲ್ಲಿ ಇದೆ. ಇನ್ನೊಂದು, ಯುದ್ಧದ ನಿಯಮ ಹೇಳೋ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್, ಅಂದರೆ ಪೂರಕ ಒಪ್ಪಂದ. ಭಾರತ ಇದಕ್ಕೆ ಸೇರಿಲ್ಲ.

ಮಜಾ ನೋಡಿ. ಮೊದಲನೆಯದರಲ್ಲಿ ಹಾನಿ ವ್ಯಾಪಕವಾಗಿರಬೇಕು, ಇಲ್ಲವೇ ಬಹುಕಾಲ ಉಳಿಯಬೇಕು, ಇಲ್ಲವೇ ತೀವ್ರವಾಗಿರಬೇಕು. ಒಂದಿದ್ದರೂ ಸಾಕು. ಎರಡನೆಯದರಲ್ಲಿ ಮೂರೂ ಒಟ್ಟಿಗೆ ಇರಬೇಕು. ಮೂರನ್ನೂ ಸಾಬೀತು ಮಾಡೋದು ನಮ್ಮಂಥ ವಕೀಲರಿಗೂ ಕಷ್ಟ. 2022ರಲ್ಲಿ ವಿಶ್ವಸಂಸ್ಥೆಯ ಕಾನೂನು ಆಯೋಗ ಇದರ ಬಗ್ಗೆ 27 ತತ್ವಗಳನ್ನು ಕೊಟ್ಟಿದೆ. 2024ರಲ್ಲಿ ವನುವಾಟು, ಫಿಜಿ, ಸಮೋವಾ ಸೇರಿ ಪರಿಸರದ ಹತ್ಯೆಯನ್ನೂ ನರಮೇಧದ ಸಾಲಿಗೆ ಸೇರಿಸಿ ಅಂತ ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿಗೆ ಪ್ರಸ್ತಾವ ಕೊಟ್ಟವು. ಸಮುದ್ರ ಏರಿದರೆ ಕರಾವಳಿ ಕಳೆದುಕೊಳ್ಳೋ ಪೆಸಿಫಿಕ್ ಸಾಗರದ ಪುಟ್ಟ ದೇಶಗಳು ಇವು. ಧೈರ್ಯ ಮಾತ್ರ ದೊಡ್ಡದು.

ಸೂಪರ್ ಮಾರ್ಕೆಟ್ ತಮ್ಮಾ, ಎಲ್ಲಾ ಸಹಿಯೂ ದಂಡ ಅಂತ ಅನ್ನಬೇಡ. ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ಅಧ್ಯಕ್ಷ ಚಾರ್ಲ್ಸ್ ಟೇಲರ್ ಕಾಡಿನ ಮರ ಮಾರಿ ಬಂದೂಕು ಕೊಳ್ತಿದ್ದ. 2003ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಲೈಬೀರಿಯಾದ ಮರವನ್ನು ಯಾರೂ ಕೊಳ್ಳಬಾರದು ಅಂತ ನಿರ್ಬಂಧ ಹಾಕಿತು. ಅದೇ ವರ್ಷ ಅವನು ಅಧಿಕಾರ ಬಿಟ್ಟು ಓಡಿದ. ಮರದ ನಿರ್ಬಂಧ ಒಂದರಿಂದಲೇ ಓಡಿದ ಅಂತ ನಾನು ಹೇಳೋದಿಲ್ಲ, ಆದರೆ ಖಜಾನೆಯ ಒಂದು ಬಾಗಿಲು ಮುಚ್ಚಿತು. ಹೊಸ ಸರ್ಕಾರ ಹಳೆ ಗುತ್ತಿಗೆಗಳನ್ನೆಲ್ಲ ರದ್ದು ಮಾಡಿತು, 2006ರಲ್ಲಿ ನಿರ್ಬಂಧ ತೆಗೆದರು. ಅಲ್ಲಿ ದಂಧೆ ಮಾಡಿದ್ದ ಡಚ್ ವ್ಯಾಪಾರಿಯೊಬ್ಬನಿಗೆ ಶಸ್ತ್ರ ಪೂರೈಸಿದ್ದಕ್ಕೆ 2017ರಲ್ಲಿ ಅವನದೇ ದೇಶದ ಕೋರ್ಟು 19 ವರ್ಷ ಶಿಕ್ಷೆ ಕೊಟ್ಟಿತು. ಉಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಮಾರ್ಚ್‌ನಲ್ಲೇ ರಷ್ಯಾ, ಬೆಲರೂಸ್ ಮರಕ್ಕೆ, ಕಾಡು ಹಾಳು ಮಾಡದೆ ತೆಗೆದ ಮರ ಅಂತ ಕೊಡೋ ಅಂತರರಾಷ್ಟ್ರೀಯ ಪ್ರಮಾಣಪತ್ರ ನಿಲ್ಲಿಸಿದ್ದೂ ಇದೇ ದಾರಿ.

ಕೊಳ್ಳೋರ ಕೈ ಹಿಡಿದರೆ ಕೆಲಸ ಆಗುತ್ತದೆ. ನನ್ನ ಅನುಭವದಲ್ಲಿ ಗಂಧದ ಕೇಸುಗಳಲ್ಲೂ ಅಷ್ಟೇ. ಕಡಿದವ ಸಿಗ್ತಾನೆ, ಕೊಂಡವ ಸಿಗೋದಿಲ್ಲ.

ಕೋಟೆ ಓಣಿ, ಬೀದರ್

ಒಲೆ, ಎಣ್ಣೆ ಎಲ್ಲಾ ಆಯಿತು. ಯುದ್ಧವಿಮಾನ, ಟ್ಯಾಂಕ್ ಬಿಡೋ, ಭೂಮಿ ಬಿಸಿ ಮಾಡೋ ಹೊಗೆಯ ಲೆಕ್ಕ ಯಾರ ತಲೆಗೆ? 1997ರ ಕ್ಯೋಟೋ ಹವಾಮಾನ ಒಪ್ಪಂದದ ಹೊತ್ತಿಗೆ ಸೇನೆಗಳ ಇಂಧನಕ್ಕೆ ದೊಡ್ಡ ರಿಯಾಯಿತಿ ಸಿಕ್ಕಿತು. 2015ರ ಪ್ಯಾರಿಸ್ ಒಪ್ಪಂದದಲ್ಲಿ ದೇಶಗಳು ಸೇನೆಯ ಲೆಕ್ಕ ಹೇಳಿದರೂ ಆಯಿತು, ಬಿಟ್ಟರೂ ಆಯಿತು. ಪ್ರಪಂಚದ ಎಲ್ಲಾ ಸೇನೆ ಸೇರಿದರೆ ಒಟ್ಟು ಹೊಗೆಯ ಶೇಕಡ 5.5ರಷ್ಟು ಇರಬಹುದು ಅಂತ 2022ರ ಒಂದು ಅಂದಾಜು. ಉಕ್ರೇನ್ ಯುದ್ಧದ ಮೊದಲ ಮೂರು ವರ್ಷಕ್ಕೆ ಸುಮಾರು 23 ಕೋಟಿ ಟನ್ ಹೊಗೆ ಅಂತ ತಜ್ಞರ ಗುಂಪೊಂದು ಲೆಕ್ಕ ಹಾಕಿದೆ. ಅದರಲ್ಲಿ ಕಾಡ್ಗಿಚ್ಚಿನ ಪಾಲೂ ಸೇರಿದೆ. ಶೆಲ್ ಬಿದ್ದು ಪೈನ್ ಕಾಡಿಗೆ ಬೆಂಕಿ ಹತ್ತುತ್ತದೆ. ನೆಲದಲ್ಲಿ ಮೈನ್ ಹೂತಿರೋದರಿಂದ ಬೆಂಕಿ ಆರಿಸೋರು ಒಳಗೆ ಕಾಲಿಡೋ ಹಾಗಿಲ್ಲ. ನಿಂತು ನೋಡಬೇಕು.

ದಿನಾ ಬೆಳಗ್ಗೆ ನಮ್ಮ ತಲೆ ಮೇಲೆ ತರಬೇತಿ ವಿಮಾನ ಹಾರ್ತವೆ. ಅವುಗಳ ಲೆಕ್ಕ ಎಲ್ಲಿದೆ ಅಂತ ಕೇಳೋದರಲ್ಲಿ ತಪ್ಪೇನು?

ಮಾಜಿ ಸೈನಿಕ, ಹುಮನಾಬಾದ್

ಅಣ್ಣಾ, ವಾಯುಪಡೆಯ ಸೂರ್ಯಕಿರಣ ವಿಮಾನ ಪ್ರದರ್ಶನ ತಂಡ ಬೀದರಿನದು ಅಂತ ಆಗಸ್ಟ್ 15ಕ್ಕೆ ಸ್ಟೇಟಸ್ ಹಾಕೋದು, ಮರುದಿನ ಹೊಗೆ ಲೆಕ್ಕ ಕೇಳೋದು. ಎರಡೂ ನೀವೇ! ಗಡಿಯಲ್ಲಿ ನಿಂತವನಿಗೆ ಮೊದಲು ದೇಶ, ಆಮೇಲೆ ಗಿಡ.

ಕೋಟೆ ಓಣಿ, ಬೀದರ್

ಸರ್, ಸ್ಟೇಟಸ್ ಹಾಕ್ತೀನಿ, ಲೆಕ್ಕವನ್ನೂ ಕೇಳ್ತೀನಿ. 2023ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದರಲ್ಲ. ಅಂತರರಾಷ್ಟ್ರೀಯ ಗಡಿಯಿಂದ 100 ಕಿಲೋಮೀಟರ್ ಒಳಗೆ ದೇಶದ ಭದ್ರತೆಗೆ ಬೇಕಾದ ರಸ್ತೆ, ರೈಲು ಮಾರ್ಗಕ್ಕೆ ಅರಣ್ಯ ಅನುಮತಿಯೇ ಬೇಡ ಅಂತಾಯಿತು. ಈಶಾನ್ಯದ ಎಷ್ಟೋ ರಾಜ್ಯಗಳು ಹೆಚ್ಚುಕಡಿಮೆ ಪೂರ್ತಿ ಆ 100 ಕಿಲೋಮೀಟರ್ ಒಳಗೇ ಇವೆ. ರಸ್ತೆ ಬೇಕು, ಇಲ್ಲ ಅನ್ನೋದಿಲ್ಲ. ಎಷ್ಟು ಮರ ಹೋಯಿತು ಅಂತ ಬರೆದಿಡೋದರಿಂದ ಸೈನಿಕನ ಮರ್ಯಾದೆ ಕಡಿಮೆ ಆಗುತ್ತಾ?

ಮಾಜಿ ಸೈನಿಕ, ಹುಮನಾಬಾದ್

ಬರೆದಿಡಲಿ, ಅದಕ್ಕೆ ನನ್ನ ತಕರಾರಿಲ್ಲ. ನಾನು ಈಶಾನ್ಯದಲ್ಲಿ ಇದ್ದೆ. ಒಂದು ಗುಡ್ಡದ ಮರ ತೆಗೆದ ಕಡೆ ಮಳೆಗಾಲದಲ್ಲಿ ರಸ್ತೆಯೇ ಜಾರಿ ಕೆಳಗೆ ಹೋಗ್ತಿತ್ತು. ನಮ್ಮ ಗಾಡಿ ನಿಲ್ತಿದ್ದವು. ಆ ಮಾತು ಬೇರೆ.

ಬೆಂಕಿ ವಾಚರ್

ಎಲ್ಲರಿಗೂ ನಮಸ್ಕಾರ. ನಾನು ದೊಡ್ಡ ಮಾತು ಬಲ್ಲವನಲ್ಲ. ಬೇಸಿಗೆಯಲ್ಲಿ ಕಾಡಲ್ಲಿ ದಿನಗೂಲಿ ಕೆಲಸ ಮಾಡ್ತೀನಿ. ಊರು ಹೇಳೋದಿಲ್ಲ.

ಮಾಸ್ತರ್ ದೇಶಗಳ ಸಹಕಾರ ಅಂದರಲ್ಲ, ಅದು ನಮಗೆ ಮೊಬೈಲಿಗೆ ಬರುತ್ತದೆ. ಅಮೆರಿಕದ ಉಪಗ್ರಹ ನೆಲದ ಬಿಸಿ ನೋಡುತ್ತದೆ. ಆ ಮಾಹಿತಿ ಡೆಹ್ರಾಡೂನಿನ ಅರಣ್ಯ ಸರ್ವೇಕ್ಷಣಾ ಸಂಸ್ಥೆಗೆ ಬರುತ್ತದೆ. ಅಲ್ಲಿಂದ ನಮ್ಮ ಗಾರ್ಡ್ ಸಾಹೇಬರ ಫೋನಿಗೆ ಮೆಸೇಜು. ಇಷ್ಟು ಅಕ್ಷಾಂಶ, ಇಷ್ಟು ರೇಖಾಂಶ, ಬೆಂಕಿ ಅಂತ. ಪುಕ್ಕಟೆ ಮಾಹಿತಿ. ಇದಿಲ್ಲದಿದ್ದರೆ ಗುಡ್ಡ ಹತ್ತಿ ಹೊಗೆ ಹುಡುಕಬೇಕು.

ಆದರೆ ಆ ಉಪಗ್ರಹ ನಮ್ಮ ಮೇಲೆ ಹಾಯೋದು ಮಧ್ಯಾಹ್ನ ಒಂದೂವರೆ ಸುಮಾರಿಗೆ, ಮತ್ತೆ ರಾತ್ರಿ ಒಂದೂವರೆ ಸುಮಾರಿಗೆ. ಸಂಜೆ ನಾಲ್ಕಕ್ಕೆ ಹಚ್ಚಿದ ಬೆಂಕಿ ಅದಕ್ಕೆ ಕಾಣೋದು ನಡುರಾತ್ರಿ. ಅಷ್ಟರಲ್ಲಿ ಒಂದು ಇಳಿಜಾರು ಪೂರ್ತಿ ಕರ್ರಗಾಗಿರುತ್ತದೆ. ಅದರ ಒಂದು ಚುಕ್ಕಿ ಅಂದರೆ ನೆಲದಲ್ಲಿ 375 ಮೀಟರ್. ಚುಕ್ಕಿ ಹಿಡಿದು ಹೋದರೆ ಕೆಲವು ಸಲ ತೊಗರಿ ಹೊಲದ ಕಸ ಸುಟ್ಟಿರ್ತಾರೆ, ಅಷ್ಟೇ.

ಬೆಂಕಿ ಆರಿಸೋದು ಹೇಗೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ನೀರಿಲ್ಲ. ಹಸಿ ಟೊಂಗೆ ಮುರಿದು ಬಡಿಯೋದು. ಮೇಲೆ ಎತ್ತಿ ಹೊಡೆದರೆ ಕಿಡಿ ಹಾರಿ ಹಿಂದೆ ಬೀಳುತ್ತದೆ. ನೆಲಕ್ಕೆ ಒತ್ತಿ, ಸುಟ್ಟ ಕಡೆಗೆ ಗುಡಿಸಿದ ಹಾಗೆ ಎಳೀಬೇಕು. ತೇಗದ ಎಲೆ ಒಣಗಿದರೆ ಹಪ್ಪಳ, ಕಾಲಿಟ್ಟರೆ ಸದ್ದು, ಕಿಡಿ ಬಿದ್ದರೆ ಭಗ್ ಅನ್ನುತ್ತದೆ. ಅದಕ್ಕೇ ಜನವರಿ, ಫೆಬ್ರವರಿಯಲ್ಲೇ ಬೆಂಕಿ ರೇಖೆ ಎಳೆದು, ನಾವೇ ಪಟ್ಟಿ ಸುಟ್ಟು ಖಾಲಿ ಮಾಡಬೇಕು. ರೇಖೆ ಎಳೆಯೋ ದುಡ್ಡು ಮಾರ್ಚ್‌ಗೆ ಬಂದರೆ ಏನು ಉಪಯೋಗ?

ವಿರುಂಗಾದಲ್ಲಿ 200ಕ್ಕೂ ಜಾಸ್ತಿ ಗಾರ್ಡುಗಳು ಸತ್ತಿದ್ದಾರಂತ ನಮ್ಮ ಹುಡುಗ ಫೋನಲ್ಲಿ ಓದಿ ಹೇಳಿದ. 2020ರ ಏಪ್ರಿಲ್‌ನಲ್ಲಿ ಒಂದೇ ದಿನ ಹನ್ನೆರಡು ಜನ. ನಮಗೆ ಗುಂಡಿಲ್ಲ, ಪುಣ್ಯ. ನಮ್ಮದು ಬರೀ ಹೊಗೆ.

ಕಡಗಂಚಿ ಹಾಸ್ಟೆಲ್

ವಾಚರ್ ಅಣ್ಣನ ಮಾತಿಗೆ ಒಂದು ಸೇರಿಸ್ತೀನಿ. ಮಾಹಿತಿ ಹಂಚಿಕೊಳ್ಳೋದೂ ಯುದ್ಧದಲ್ಲಿ ಮುರಿಯುತ್ತದೆ. ಉತ್ತರ ಧ್ರುವದ ಸುತ್ತಲಿನ ಎಂಟು ದೇಶಗಳ ಕೂಟ ಆರ್ಕ್ಟಿಕ್ ಕೌನ್ಸಿಲ್. 2022ರ ಮಾರ್ಚ್‌ನಲ್ಲಿ ರಷ್ಯಾ ಬಿಟ್ಟು ಉಳಿದ ಏಳು ದೇಶಗಳು ಅದರ ಕೆಲಸ ನಿಲ್ಲಿಸಿದವು. ಸೈಬೀರಿಯಾದ ಕಾಡು, ಹೆಪ್ಪುಗಟ್ಟಿದ ನೆಲದ ಅಳತೆಗಳು ಹೊರಗಿನ ವಿಜ್ಞಾನಿಗಳಿಗೆ ಸಿಗೋದು ಕಷ್ಟವಾಯಿತು. ಪ್ರಪಂಚದಲ್ಲಿ ಅತಿ ಹೆಚ್ಚು ಕಾಡು ಇರೋದೇ ರಷ್ಯಾದಲ್ಲಿ.

ಇನ್ನೊಂದು, ಯುದ್ಧ ನಿಂತರೆ ಕಾಡು ತಾನೇ ಉಳಿಯುತ್ತದೆ ಅಂತ ನಾವೆಲ್ಲ ಅಂದುಕೊಳ್ತೀವಿ. ಕೊಲಂಬಿಯಾ ನೋಡಿ. 2016ರಲ್ಲಿ ಸರ್ಕಾರಕ್ಕೂ ಫಾರ್ಕ್ ಬಂಡಾಯಗಾರರಿಗೂ ಶಾಂತಿ ಒಪ್ಪಂದ ಆಯಿತು. ಬಂಡಾಯಗಾರರು ಕಾಡು ಬಿಟ್ಟು ಹೊರಬಂದರು. ಅವರು ಬಿಟ್ಟ ಜಾಗಕ್ಕೆ ಸರ್ಕಾರ ಹೋಗಲಿಲ್ಲ, ಭೂಮಿ ಕಬಳಿಸೋರು, ದನ ಸಾಕೋರು ಹೋದರು. 2017ರಲ್ಲಿ ಸುಮಾರು 2.2 ಲಕ್ಷ ಹೆಕ್ಟೇರ್ ಕಾಡು ಹೋಯಿತು. ಆಮೇಲೆ 2023ಕ್ಕೆ ಅದು 79,256 ಹೆಕ್ಟೇರ್‌ಗೆ ಇಳಿಯಿತು. ಸರ್ಕಾರದ ಕೆಲಸವೂ ಇತ್ತು, ಆದರೆ ಶಾಂತಿ ಒಪ್ಪದೆ ಉಳಿದಿದ್ದ ಒಂದು ಬಣ "ಮರ ಕಡಿಯಬೇಡಿ" ಅಂತ ತಾನೇ ಹುಕುಂ ಹೊರಡಿಸಿತ್ತು. 2024ರಲ್ಲಿ ಮತ್ತೆ 1,13,608ಕ್ಕೆ ಏರಿತು. ಬಂದೂಕು ಹಿಡಿದವನ ಮೂಡ್ ಮೇಲೆ ಕಾಡು ನಿಂತರೆ ಹೀಗೇ ಆಗೋದು.

ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಅಸ್ಸಾಮಿನ ಮಾನಸ್. 1985ರಲ್ಲಿ ವಿಶ್ವ ಪರಂಪರೆ ತಾಣ ಆಯಿತು. ಅಲ್ಲಿನ ಬೋಡೋ ಬುಡಕಟ್ಟಿನ ಸಶಸ್ತ್ರ ಹೋರಾಟದ ಕಾಲದಲ್ಲಿ ಕಳ್ಳಬೇಟೆ ಮಿತಿಮೀರಿ 1992ರಲ್ಲಿ ಅಪಾಯದ ಪಟ್ಟಿ ಸೇರಿತು. ಖಡ್ಗಮೃಗ ಒಂದೂ ಉಳಿಯಲಿಲ್ಲ. 2003ರ ಬೋಡೋ ಒಪ್ಪಂದದ ನಂತರ ಊರ ಹುಡುಗರನ್ನೇ, ಮೊದಲು ಬೇಟೆಯಾಡ್ತಿದ್ದವರನ್ನೂ ಸೇರಿಸಿ, ಕಾವಲಿಗೆ ಹಾಕಿಕೊಂಡರು. ಖಡ್ಗಮೃಗಗಳನ್ನು ಬೇರೆ ಕಡೆಯಿಂದ ತಂದು ಬಿಟ್ಟರು. ಗಡಿಯಾಚೆ ಭೂತಾನಿನ ರಾಯಲ್ ಮಾನಸ್ ಇದ್ದದ್ದು ಪ್ರಾಣಿಗಳಿಗೆ ದೊಡ್ಡ ಆಸರೆ. 2011ರಲ್ಲಿ ಯುನೆಸ್ಕೋ ಅಪಾಯದ ಪಟ್ಟಿಯಿಂದ ತೆಗೆಯಿತು. ಕೊಲಂಬಿಯಾದಲ್ಲಿ ಇಲ್ಲದ್ದು ಇಲ್ಲಿ ಇದ್ದದ್ದು ಇದೇ. ಶಾಂತಿ ಬಂದ ದಿನ ಕಾಡಿನ ಬಾಗಿಲಲ್ಲಿ ಊರಿನವರು ಸಂಬಳಕ್ಕೆ ನಿಂತಿದ್ದರು.

ತಾಂಡಾದ ಮಗಳು

ಬಹಳ ಹೊತ್ತಿನಿಂದ ಓದ್ತಾ ಇದ್ದೀನಿ. ಮಾಸ್ತರ್ ಹೇಳಿದ ಆ ತಲೆಹೊರೆ ಹೆಂಗಸರಲ್ಲಿ ನಮ್ಮ ಅವ್ವನೂ ಒಬ್ಬಳು ಇರಬಹುದು. ಸಿಟ್ಟಿಲ್ಲ, ಆದರೆ ಕೆಲವು ಮಾತು ಸರಿ ಮಾಡಬೇಕು.

ನಮ್ಮ ಒಲೆಯಲ್ಲಿ ಉರಿಯೋದು ಬರೀ ಕಾಡಿನ ಕಟ್ಟಿಗೆ ಅಲ್ಲ. ತೊಗರಿ ಕಟ್ಟಿಗೆ. ಕಲಬುರಗಿಯ ಯಾವ ಹಳ್ಳಿಗೆ ಹೋದರೂ ಮನೆ ಹಿಂದೆ ತೊಗರಿ ಕಟ್ಟಿಗೆ ಬಣವೆ ಕಾಣುತ್ತದೆ. ರಾಶಿ ಮುಗಿದ ಮೇಲೆ ಕೂಲಿಗೆ ಬದಲು ಅದನ್ನೇ ಕೊಡೋರು ಇದ್ದಾರೆ. ರೊಟ್ಟಿ ಬಡಿಯೋಕೆ ಅದರ ಉರಿಯೇ ಚೆನ್ನ. ಹದವಾಗಿ ಹತ್ತುತ್ತದೆ, ಬೇಕೆಂದಾಗ ಹಿಂದಕ್ಕೆ ಎಳೀಬಹುದು. ಗ್ಯಾಸ್ ಮೇಲೆ ಮನೆ ಮಂದಿಗೆಲ್ಲ ರೊಟ್ಟಿ ಬಡಿದರೆ ಸಿಲಿಂಡರ್ ಎಷ್ಟು ದಿನ ಬರುತ್ತದೆ ಹೇಳಿ.

ಈಗ ಏನಾಗಿದೆ ಅಂದರೆ ಮಷೀನ್ ರಾಶಿ ಬಂದಿದೆ. ಮಷೀನ್ ಗಿಡವನ್ನೇ ಪುಡಿ ಮಾಡಿ ಹೊಲದಲ್ಲಿ ಚೆಲ್ಲುತ್ತದೆ. ಬಣವೆ ಸಣ್ಣದಾಯಿತು. ಮಳೆ ಕೈಕೊಟ್ಟ ವರ್ಷ ಗಿಡವೇ ಮೊಳಕಾಲುದ್ದ. ಅಂಥ ವರ್ಷ ಗ್ಯಾಸೂ ತುಟ್ಟಿಯಾದರೆ ಗುಡ್ಡ ಹತ್ತಲೇಬೇಕು. ಹವಾಮಾನ, ಯುದ್ಧ ಎರಡೂ ಒಂದೇ ವರ್ಷ ಬಂದು ನಮ್ಮ ಒಲೆ ಮುಂದೆ ಕೂಡೋದು ಹೀಗೆ.

ಇನ್ನು ಆ ಬ್ರೆಜಿಲ್ ನಿಧಿಯಲ್ಲಿ ಶೇಕಡ 20 ಮೂಲನಿವಾಸಿಗಳಿಗೆ, ಸ್ಥಳೀಯ ಸಮುದಾಯಗಳಿಗೆ ಅಂತ ಇದೆ. ಓದೋಕೆ ಚೆಂದ. ನಮ್ಮ ವಿಷಯಕ್ಕೆ ಬನ್ನಿ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ನಮ್ಮ ಚಿಕ್ಕಮ್ಮನ ಮನೆ ಆಚೆ ಇದೆ. ಕಾಡು ನಂಬಿ ಬದುಕೋರಿಗೆ ಅಲ್ಲಿನ ಹಕ್ಕು ಕೊಡೋ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವರ ಪಂಗಡದ ಅರ್ಜಿಗೆ 2005ರ ಡಿಸೆಂಬರ್‌ಗೆ ಮುಂಚೆ ಕಾಡಲ್ಲಿ ಇದ್ದದ್ದಕ್ಕೆ ಸಾಕ್ಷಿ ಸಾಕು. ನಾವು ಅದೇ ಕಾಡಿನ ಈಚೆ ಅಂಚಿನಲ್ಲಿ ಇದ್ದರೂ ಅದೇ ಕಾಯ್ದೆಯಲ್ಲಿ 75 ವರ್ಷದ ಸಾಕ್ಷಿ ತೋರಿಸಬೇಕು. ಒಂದು ಕಚೇರಿಯಲ್ಲಿ ನಮ್ಮ ಅಪ್ಪನಿಗೆ ಬ್ರಿಟಿಷರ ಕಾಲದ ಕಾಗದ ತಗೊಂಡು ಬಾ ಅಂದರು. ಇಲ್ಲಿ ಬ್ರಿಟಿಷರು ಎಲ್ಲಿದ್ದರು? ನಿಜಾಮರ ಸೀಮೆ ಇದು! ನಾರ್ವೆಯ ದುಡ್ಡು ಬಂದರೂ ಸಮುದಾಯ ಯಾರು ಅಂತ ನಿರ್ಧರಿಸೋದು ಅದೇ ಮೇಜು.

ಕುಂಚಾವರಂ ಮಾಸ್ತರ್

ಅಕ್ಕಾ, ತೊಗರಿ ಕಟ್ಟಿಗೆ ಮಾತು ನನ್ನ ಪ್ರಶ್ನೆಯನ್ನು ಇನ್ನೂ ಗಟ್ಟಿ ಮಾಡಿತು. ವಿರುಂಗಾದಲ್ಲೂ ಕೊನೆಗೆ ಅದೇ ದಾರಿ ಹಿಡಿದರು. ಕಾಡಿನ ಇದ್ದಿಲು ದಂಧೆಯಿಂದ ಸಶಸ್ತ್ರ ಗುಂಪುಗಳು ದುಡ್ಡು ಮಾಡ್ತಿದ್ದವು. ಬರೀ ಬಂದೂಕಿನಿಂದ ಆಗಲಿಲ್ಲ ಅಂತ ಉದ್ಯಾನದವರೇ ನದಿಗಳಿಗೆ ಸಣ್ಣ ಜಲವಿದ್ಯುತ್ ಘಟಕ ಕಟ್ಟಿ ಪಟ್ಟಣಕ್ಕೆ ಕರೆಂಟ್ ಕೊಡೋಕೆ ಶುರು ಮಾಡಿದರು. ಯುರೋಪಿನ ದುಡ್ಡೂ ಅದರಲ್ಲಿ ಇದೆ. ಯುದ್ಧ ನಿಂತಿಲ್ಲ, ಹಾಗಾಗಿ ಪೂರ್ತಿ ಗೆದ್ದರು ಅನ್ನೋ ಹಾಗಿಲ್ಲ. ಆದರೆ ಒಲೆಯಿಂದ ಶುರು ಮಾಡಿದರು.

ನಮಗೆ ಜಲಪಾತ ಬೇಡ. ಎತ್ತಿಪೋತ ಬೇಸಿಗೆಯಲ್ಲಿ ನೂಲಿನಷ್ಟು ಹರಿದರೆ ಹೆಚ್ಚು. ನಮ್ಮಲ್ಲಿ ಇರೋದು ಬಿಸಿಲು ಮತ್ತು ಮಷೀನ್ ಚೆಲ್ಲಿದ ತೊಗರಿ ಪುಡಿ. ಆ ಪುಡಿ ಒತ್ತಿ ಇಟ್ಟಿಗೆ ಮಾಡಿದರೆ ಒಲೆಗೂ ಆಗುತ್ತದೆ.

2019ರಲ್ಲಿ ಮರುಭೂಮಿಕರಣ ತಡೆಯೋ ವಿಶ್ವಸಂಸ್ಥೆ ಸಮ್ಮೇಳನ ಗ್ರೇಟರ್ ನೋಯ್ಡಾದಲ್ಲೇ ನಡೆಯಿತು. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳುಬಿದ್ದ ನೆಲ ಸರಿ ಮಾಡ್ತೀವಿ ಅಂತ ಭಾರತ ಅಲ್ಲಿ ಮಾತು ಕೊಟ್ಟಿದೆ. ಬೆಲೆಂ ನಿಧಿಯ ಲೆಕ್ಕಕ್ಕೆ ನಮ್ಮ ಕಾಡು ಬರದಿದ್ದರೂ ಆ ಮಾತಿನೊಳಗೆ ಬರುತ್ತದೆ. 2023ರಲ್ಲಿ ರಾಜ್ಯದ ಅರಣ್ಯ ಸಚಿವರಾದವರು ಭಾಲ್ಕಿಯವರು, ನಮ್ಮ ಕಡೆಯವರೇ. ಒಣ ಕಾಡಿಗೂ ನಿಧಿಯಲ್ಲಿ ಜಾಗ ಕೇಳಿ ಅಂತ ದೆಹಲಿಗೆ ಹೇಳೋಕೆ ಅವರಿಗಿಂತ ಸರಿಯಾದವರು ಯಾರು? ಅರ್ಜಿ ಬರೀತಿದ್ದೀನಿ. ವಾಚರ್‌ಗಳ ದುಡ್ಡು ಜನವರಿಯಲ್ಲೇ ಬರಲಿ, ಕಾಡಂಚಿನ ಮನೆಗೆ ಗ್ಯಾಸ್ ತುಟ್ಟಿಯಾದ ತಿಂಗಳು ಹೆಚ್ಚಿಗೆ ಸಬ್ಸಿಡಿ ಸಿಗಲಿ ಅಂತಲೂ ಹಾಕಿದ್ದೀನಿ.

ಸುರಪುರ ಓದುಗ

ಮಾಸ್ತರ್, ಯಾದಗಿರಿಯನ್ನು ಮರೆತುಬಿಟ್ಟಿರಿ, ಎಲ್ಲರ ಹಾಗೆ! ಬೋನಾಳ ಕೆರೆಗೆ ಬರೋ ಪಟ್ಟೆತಲೆ ಬಾತು ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರುತ್ತದೆ. ಅದಕ್ಕೆ ಯಾವ ದೇಶದ ವೀಸಾ? ಅರ್ಜಿಗೆ ನಮ್ಮ ಕೆರೆ, ಕುರುಚಲು ಗುಡ್ಡಗಳನ್ನೂ ಸೇರಿಸಿ.

ಒಂದು ತಕರಾರೂ ಇದೆ. ತೊಗರಿ ಪುಡಿ ಎಲ್ಲಾ ಇಟ್ಟಿಗೆ ಮಾಡಿದರೆ ಹೊಲದ ಮಣ್ಣಿಗೆ ಏನು ಉಳಿಯುತ್ತದೆ? ನಮ್ಮ ಕರಿ ಭೂಮಿ ಮೊದಲೇ ಗೊಬ್ಬರ ಕಾಣದೆ ಗಟ್ಟಿಯಾಗಿದೆ.

ಗಾಣದೆಣ್ಣೆ ಅಂಗಡಿ, ಆಳಂದ

ಅರ್ಧ ಮಣ್ಣಿಗೆ, ಅರ್ಧ ಒಲೆಗೆ. ರೈತನಿಗೆ ಪುಡಿಗೆ ರೇಟು ಸಿಕ್ಕರೆ ಮಾತ್ರ ಇಷ್ಟೆಲ್ಲ. ಇಲ್ಲದಿದ್ದರೆ ಕಡ್ಡಿ ಗೀರಿ ಹೊಲದಲ್ಲೇ ಸುಡ್ತಾನೆ, ವಾಚರ್ ಅಣ್ಣನ ಮೊಬೈಲಿಗೆ ಸುಳ್ಳು ಮೆಸೇಜು ಹೋಗುತ್ತದೆ.

ಬೀದರ್ ವಕೀಲ

ತಾಂಡಾದ ಮಗಳಿಗೆ ಒಂದು ಮಾತು. ತಂಗೀ, 75 ವರ್ಷ ಅಂದರೆ ಅದೇ ತುಂಡು ಭೂಮಿಯನ್ನು 75 ವರ್ಷ ಉತ್ತಿರಬೇಕು ಅಂತಲ್ಲ. ಆ ಪ್ರದೇಶದಲ್ಲಿ ನಿಮ್ಮವರು ವಾಸ ಇದ್ದು ಕಾಡನ್ನು ನಂಬಿ ಬದುಕಿದ್ದರೆ ಸಾಕು ಅಂತ ಕೇಂದ್ರದ ಬುಡಕಟ್ಟು ಸಚಿವಾಲಯವೇ ಸ್ಪಷ್ಟ ಮಾಡಿದೆ. ಬ್ರಿಟಿಷ್ ಕಾಗದ, ನಿಜಾಮ್ ಕಾಗದ ಯಾವುದೂ ಕಡ್ಡಾಯ ಇಲ್ಲ. ಊರ ಹಿರಿಯರ ಹೇಳಿಕೆ ಬರೆಸಿಕೊಂಡರೆ ಅದೂ ಒಂದು ಸಾಕ್ಷಿ. ಅದರ ಜೊತೆ ಇನ್ನೊಂದು ಬೇಕು. ಹಳೆ ಬಾವಿ, ಸಮಾಧಿ, ದೇವರ ಕಟ್ಟೆ ಇದ್ದರೆ ನಡೆಯುತ್ತದೆ. ಒಬ್ಬೊಬ್ಬರೇ ಓಡಾಡಬೇಡಿ. ಕಟ್ಟಿಗೆ, ಎಲೆ, ಮೇವಿನ ಸಮುದಾಯ ಹಕ್ಕಿಗೆ ಫಾರಂ "ಬಿ", ಕಾಡು ಕಾಯೋ ಹಕ್ಕಿಗೆ ಫಾರಂ "ಸಿ". ಎರಡನ್ನೂ ಗ್ರಾಮಸಭೆಯಲ್ಲಿ ಇಟ್ಟು ಅರಣ್ಯ ಹಕ್ಕು ಸಮಿತಿಗೆ ಕೊಡಿ, ದಿನಾಂಕ ಹಾಕಿಸಿ ಸ್ವೀಕೃತಿ ತಗೊಳ್ಳಿ. ಸ್ವೀಕೃತಿ ಕೊಡದಿದ್ದರೆ ನನಗೆ ಹೇಳಿ.

ತಾಂಡಾದ ಮಗಳು

ಸಮಾಧಿ ಇದೆ ಅಣ್ಣಾ. ನಮ್ಮ ಮುತ್ತಜ್ಜನದು, ಸೇವಾಲಾಲ್ ಕಟ್ಟೆ ಪಕ್ಕದಲ್ಲೇ. ಫಾರಂ "ಸಿ" ಅಂತ ಒಂದು ಇದೆ ಅಂತಲೇ ಯಾರೂ ಹೇಳಿರಲಿಲ್ಲ. ಮಾಸ್ತರ್, ನಿಮ್ಮ ಅರ್ಜಿಯ ಜೊತೆ ಇದರ ಪ್ರತಿಯನ್ನೂ ಪ್ರಿಂಟ್ ತೆಗೆದುಕೊಡ್ತೀರಾ? ನಮ್ಮ ತಾಂಡಾದಲ್ಲಿ ಪ್ರಿಂಟರ್ ಇಲ್ಲ.

ಕುಂಚಾವರಂ ಮಾಸ್ತರ್

ತೆಗೆದುಕೊಡ್ತೀನಿ ಅಕ್ಕಾ. ಎಷ್ಟು ಪ್ರತಿ ಬೇಕು ಹೇಳಿ.